ಲೈಫ್ ಚೇಂಜ್ ಮಾಡೋ ಬುಕ್ ಯಾವ್ದು ಅಂತ ಕೇಳೋರಿಗೆಲ್ಲ

ಮದ್ದೂರು ಕಡೆ ಒಂದು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೋತೀನಿ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಬೋರ್ಡು. ಲೈಬ್ರರಿ ಕೆಲಸ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಒಂದೇ, "ಲೈಫ್ ಚೇಂಜ್ ಮಾಡೋ ಅಂಥ ಒಂದು ಬುಕ್ ಹೇಳಿ ಮೇಡಂ." ಬಸ್ಸಲ್ಲಿ ಕೇಳ್ತಾರೆ, ರೇಷನ್ ಅಂಗಡಿ ಕ್ಯೂನಲ್ಲಿ ಕೇಳ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಕೇಳೋದು ತಪ್ಪಲ್ಲ, ಕೇಳೋ ರೀತಿಗೆ ಸಿಟ್ಟು ಬರೋದು. ಮಂಡ್ಯದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ, ಸಂಬಂಧದಲ್ಲಿ ಭಾವ ಆಗ್ಬೇಕಾದೋರು ಪಕ್ಕದೆಲೆಯಿಂದ ಕೇಳಿದ್ರು, "ಒಂದೇ ಒಂದು ಹೇಳಮ್ಮ, ದಪ್ಪ ಇರಬಾರ್ದು, ಓದಿ ಮುಗ್ಸೋಷ್ಟ್ರಲ್ಲಿ ಮನುಷ್ಯ ಬೇರೆ ಥರ ಆಗ್ಬಿಡ್ಬೇಕು." ನೀವು ಕೇಳ್ತಿರೋದು ಪುಸ್ತಕನಾ ಭಾವ, ಕೆಮ್ಮಿನ ಟಾನಿಕ್ಕಾ ಅಂದೆ. ಅವರು ನಕ್ಕರು, ನಾನು ನಗಲಿಲ್ಲ. ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಲ್ತು.

ಎಲ್ಲರಿಗೂ ಬೇಕಿರೋದು ತಮ್ಮ ತಮ್ಮ ಲೈಫಿನ ಚೇಂಜು, ನನಗೆ ಆಗದೇ ಇರೋದು ಅದೇ. ಗಾಂಧಿ ಕಥೆ ಹೇಳೋರೂ ಹಂಗೇ ಹೇಳೋದು. 1904ರಲ್ಲಿ ಜೋಹಾನ್ಸ್‌ಬರ್ಗಿಂದ ಡರ್ಬನ್‌ಗೆ ರೈಲು ಹತ್ತುವಾಗ ಸ್ನೇಹಿತ ಪೊಲಾಕ್ ಸ್ಟೇಷನ್ನಿಗೆ ಬಂದು ಇಂಗ್ಲಿಷ್ ಲೇಖಕ ರಸ್ಕಿನ್ ಬರೆದ 'ಅನ್‌ಟು ದಿಸ್ ಲಾಸ್ಟ್' ಕೈಗಿಟ್ಟರು, 24 ಗಂಟೆ ಪ್ರಯಾಣ, ಹಿಡಿದ ಪುಸ್ತಕ ಕೆಳಗಿಡೋಕಾಗ್ಲಿಲ್ಲ, ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಆತ್ಮಕಥೇಲಿ ಅವರೇ ಬರೆದಿದಾರೆ. ಇಲ್ಲಿಗೆ ಕಥೆ ನಿಲ್ಲಿಸ್ಬಿಡ್ತಾರೆ. ಆಮೇಲೆ? ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಅಂತ ಓದಿದ ಮನುಷ್ಯ ಡರ್ಬನ್ ಹತ್ರ ಫೀನಿಕ್ಸಲ್ಲಿ ಜಮೀನು ತಗೊಂಡು, ತಾವು ನಡೆಸ್ತಿದ್ದ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಪ್ರೆಸ್ಸನ್ನೇ ಅಲ್ಲಿಗೆ ಸಾಗಿಸಿ, ಒಪ್ಪಿ ಬಂದೋರಿಗೆಲ್ಲ ಮೈಬಣ್ಣ ನೋಡದೆ ತಿಂಗಳಿಗೆ ಒಂದೇ ಸಮ 3 ಪೌಂಡು ಅಂತ ಮಾಡಿದ್ರು. ರೈಲಲ್ಲಿ ಓದಿದ್ದು ಒಬ್ಬರು, ಅದರಿಂದ ಸಂಬಳ ಬದಲಾಗಿದ್ದು ಪ್ರೆಸ್ಸಿನ ಕೆಲಸಗಾರರದ್ದು.

ಅಂಬೇಡ್ಕರ್ ವಿಷಯಾನೂ ನೋಡಿ. ಸ್ಕೂಲಲ್ಲಿ ಓದ್ತಿದ್ದ ಕಾಲದಲ್ಲಿ ಒಂದು ಪರೀಕ್ಷೆ ಪಾಸಾದಾಗ ಕೇಳುಸ್ಕರ್ ಮೇಷ್ಟ್ರು ತಾವೇ ಮರಾಠೀಲಿ ಬರೆದ ಬುದ್ಧನ ಚರಿತ್ರೆ ಕೊಟ್ಟರು. ಕೊಟ್ಟು ಸುಮ್ನಾಗ್ಲಿಲ್ಲ, ಬರೋಡಾ ಮಹಾರಾಜರ ಹತ್ರ ಕರ್ಕೊಂಡು ಹೋಗಿ ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್ಪನ್ನೂ ಕೊಡಿಸಿದ್ರು. ನಾಗಪುರದಲ್ಲಿ ಬೌದ್ಧ ಧರ್ಮ ತಗೊಂಡಿದ್ದು 1956ರ ಅಕ್ಟೋಬರ್ 14. ಅದೊಂದು ಪುಸ್ತಕದಿಂದಲೇ ಆಯ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಬುದ್ಧನ ಕಡೆ ಮನಸ್ಸು ತಿರುಗಿದ್ದು ಎಲ್ಲಿಂದ ಅಂತ ಹೇಳುವಾಗ ಅವರೇ ಅದನ್ನ ನೆನೆಸ್ಕೋತಾರೆ. ನಡುವೆ ಸುಮಾರು ಅರ್ಧ ಶತಮಾನ. ಅವತ್ತು ಅವರ ಜೊತೆ ಲಕ್ಷಾಂತರ ಜನ ಇದ್ರು, ಅವರಲ್ಲಿ ಆ ಪುಸ್ತಕ ಕಣ್ಣಲ್ಲಿ ನೋಡಿದೋರು ಎಷ್ಟು ಜನ ಇದ್ದಿರಬಹುದು?

ಅದಕ್ಕೇ, ಕೇಳೋದಾದ್ರೆ ನನ್ನನ್ನ ಹಿಂಗೆ ಕೇಳಿ: ನಿಮ್ಮನೇಲಿ ಒಬ್ಬರು ಓದಿದ್ರಿಂದ ಇನ್ಯಾರಿಗೆ ಒಳ್ಳೇದಾಯ್ತು?

ನಮ್ ಚಿಕ್ಕಮ್ಮಂಗೆ ಬಾಣಂತನದಲ್ಲಿ ತಲೆ ಸರಿಯಿಲ್ದಂಗಾಗಿ, ಆಸ್ಪತ್ರೇಲಿದ್ದು ವಾಸಿ ಮಾಡ್ಕೊಂಡು ಬಂದಿದ್ರು. ವಾಸಿ ಆಗಿದೆ ಅಂತ ಡಾಕ್ಟ್ರು ಹೇಳಿದ್ರು, ನಮ್ಮನೆಯೋರು ನಂಬಲಿಲ್ಲ. ಈಳಿಗೆಮಣೆ ಅಟ್ಟ ಸೇರ್ತು, ಒಲೆ ಹತ್ರ ಬಿಡ್ತಿರಲಿಲ್ಲ, ಮಗು ಎತ್ಕೊಂಡ್ರೆ ಹಿಂದೆ ಒಬ್ಬರು. ಚಿಕ್ಕಮ್ಮ ಒಂಚೂರು ಜೋರಾಗಿ ನಕ್ಕರೆ ಸಾಕು, ಎಲ್ಲರೂ ಮುಖ ಮುಖ ನೋಡ್ಕೊಳ್ಳೋರು. ಅದನ್ನ ನೋಡಿ ನೋಡಿ ಅವರು ನಗೋದನ್ನೇ ಬಿಟ್ಟರು.

ಆಗ ಪಕ್ಕದ್ಮನೆ ಟೀಚರ್ ನಮ್ಮಮ್ಮಂಗೆ 'ಶರಪಂಜರ' ಕೊಟ್ಟಿದ್ದು. ನಮ್ಮ ಮೈಸೂರಿನ ತ್ರಿವೇಣಿಯವರದ್ದು, 1963ರಲ್ಲಿ 35 ತುಂಬೋ ಮೊದಲೇ ಹೋಗ್ಬಿಟ್ರಲ್ಲ, ಅವರದ್ದು. ಪುಟ್ಟಣ್ಣನವರ ಸಿನಿಮಾ ನೋಡಿದೋರಿಗೆ ಕಾವೇರಿ ಗೊತ್ತಿರ್ತಾಳೆ: ಕಾಯಿಲೆ ವಾಸಿ ಆಗಿ ಮನೆಗೆ ಬರ್ತಾಳೆ, ಆದ್ರೆ ಸುತ್ತ ಇರೋರು ನೋಡೋ ನೋಟ ಅವಳನ್ನ ಬದುಕೋಕೆ ಬಿಡಲ್ಲ. ಅಮ್ಮ ಎಲ್ಲರೂ ಮಲಗಿದ್ಮೇಲೆ ಅಡುಗೆಮನೆ ಬಾಗ್ಲಲ್ಲಿ ಕೂತು ಓದೋರು. ಮುಗಿಸಿದ ಮಾರನೇ ಬೆಳಿಗ್ಗೆ ಅಟ್ಟದಿಂದ ಈಳಿಗೆಮಣೆ ಇಳಿಸಿ, ಧೂಳು ಒರೆಸಿ, ಒಂದು ಮೊರ ಬದ್ನೇಕಾಯಿ ಜೊತೆ ಚಿಕ್ಕಮ್ಮನ ಮುಂದಿಟ್ಟು "ಸಾರಿಗೆ ಹೆಚ್ಕೊಡು" ಅಂದ್ರು. "ಏ, ಬ್ಯಾಡ ಕಣೆ!" ಅಂತ ಅಜ್ಜಿ ಕೂಗ್ತು. ಅಮ್ಮ "ಅವಳೇ ಹೆಚ್ಲಿ ಬುಡಿ ಅತ್ತೆ" ಅಂದು ಬೆನ್ನು ಹಾಕ್ಕೊಂಡು ಒಲೆ ಊದೋಕೆ ಕೂತ್ಕೊಂಡ್ರು. ಬೆನ್ನು ಹಾಕಿದ್ದು ಬೇಕಂತಲೇ, ನಿಂತು ಕಾಯ್ಬಾರ್ದು ಅಂತ.

ಕಾಯ್ಬೇಡಿ, ನಂಬಿ ಅಂತ ಡಾಕ್ಟ್ರೂ ಹೇಳಿ ಕಳಿಸಿದ್ರು, ಯಾರ ಕಿವಿಗೂ ಬಿದ್ದಿರಲಿಲ್ಲ. ನಾವೆಲ್ಲ ಕಾಯೋರ ಕಡೆ ಇದ್ವಿ, ಆ ಕಾದಂಬರಿ ಅಮ್ಮನ್ನ ಕಾವೇರಿ ಕೂತಿದ್ದ ಜಾಗದಲ್ಲಿ ಕೂರಿಸ್ತು, ಅದು ಬುದ್ಧಿಮಾತಿಂದ ಆಗೋ ಕೆಲಸ ಅಲ್ಲ. ಚಿಕ್ಕಮ್ಮ ಆ ಪುಸ್ತಕ ಇವತ್ತಿಗೂ ಓದಿಲ್ಲ. ನಾನೂ ಕೊಟ್ಟಿಲ್ಲ, ಕೊನೇಲಿ ಕಾವೇರಿಗೆ ಆಗೋದನ್ನ ಅವರು ಯಾಕೆ ಓದ್ಬೇಕು. ಅಮ್ಮನ್ನ ಕೇಳಿದ್ರೆ "ನನ್ದೇನ್ ಬದಲಾಯ್ತು, ಕಥೆ ಚೆನ್ನಾಗಿತ್ತು" ಅಂತಾರೆ.

ಪುಸ್ತಕ ಬೇಕಿದ್ರೆ ಲೈಬ್ರರಿಗೇ ಬನ್ನಿ. ಮನೇಲಿ ಯಾರ್ಯಾರಿದೀರಿ, ಯಾರ ಜೊತೆ ಮಾತು ಕಮ್ಮಿ ಆಗಿದೆ, ಯಾರನ್ನ ಕಂಡ್ರೆ ನಿಮಗೆ ಭಯ ಅಥವಾ ಬೇಜಾರು ಅಂತ ಮೊದ್ಲು ಕೇಳ್ತೀನಿ. ಅಷ್ಟು ಹೇಳಿದ್ರೆ ಯಾವ ರ‍್ಯಾಕಿಂದ ಏನು ತೆಗೆದುಕೊಡ್ಬೇಕು ಅಂತ ನನಗೆ ಗೊತ್ತಾಗುತ್ತೆ.