ಝಾವೊ ಯುನ್ಲೇಗೆ ಲಂಡನ್ ಚಿನ್ನ ಸುಮ್ನೆ ಸಿಕ್ಕಿದ್ದಾ?

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನಿಮಗೆ ಯಾರ ಆಟ ಇಷ್ಟ ಅಂತ ಕೇಳಿದವರಿಗೆಲ್ಲ ನಾನು ಹೇಳುವ ಹೆಸರು ಚೀನಾದ ಝಾವೊ ಯುನ್ಲೇ. ಹೆಸರು ಬಾಯಿಂದ ಬಂದ ಕೂಡಲೇ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "2012ರಲ್ಲಿ ಬೇರೆಯವರನ್ನೆಲ್ಲ ಆಚೆ ಹಾಕಿದ್ರಲ್ಲ, ಆಗ ಸಿಕ್ಕ ಚಿನ್ನ ತಾನೇ ಅದು?" ಶಟಲ್ ಆಡುವ ಗೆಳೆಯರಲ್ಲಿ ಇದನ್ನು ಕೇಳದವರೇ ಕಡಿಮೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೌದು, ಇಲ್ಲ ಅಂತ ಒಂದು ಮಾತಲ್ಲಿ ಮುಗಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಮೊದಲು ಆವತ್ತು ಏನಾಯಿತು ನೋಡೋಣ. ಲಂಡನ್‌ನಲ್ಲಿ ಮೊದಲ ಸಲ ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ಗೆ ಗುಂಪು ಹಂತ ತಂದಿದ್ದರು, ಅಂದರೆ ಮೊದಲು ಗುಂಪಿನೊಳಗೆ ಎಲ್ಲರ ಜೊತೆ ಆಡಬೇಕು, ಮೇಲಿನ ಎರಡು ಜೋಡಿ ಮುಂದಕ್ಕೆ ಹೋಗುತ್ತವೆ. ಜುಲೈ 31ರ ಬೆಳಿಗ್ಗೆ ಝಾವೊ ಮತ್ತು ಅವರ ಜೊತೆಗಾತಿ ತಿಯನ್ ಚಿಂಗ್ ಡೆನ್ಮಾರ್ಕ್ ಜೋಡಿಗೆ ಸೋತು ಗುಂಪಿನಲ್ಲಿ ಎರಡನೇ ಸ್ಥಾನಕ್ಕೆ ಇಳಿದರು. ಸಂಜೆ ಆಡಬೇಕಿದ್ದ ಇನ್ನೊಂದು ಚೀನಾ ಜೋಡಿ ವಾಂಗ್ ಶಿಯಾವೊಲಿ ಮತ್ತು ಯು ಯಾಂಗ್. ಅವರು ಆ ಕೂಟದ ಅಗ್ರ ಶ್ರೇಯಾಂಕದ ಜೋಡಿ. ಈಗ ಅವರು ಗೆದ್ದರೆ ಸೆಮಿಫೈನಲ್‌ನಲ್ಲೇ ತಮ್ಮವರನ್ನು ಎದುರಿಸಬೇಕು. ಸೋತರೆ ಫೈನಲ್‌ವರೆಗೂ ಆ ಚಿಂತೆಯಿಲ್ಲ. ಎದುರಿದ್ದ ಕೊರಿಯಾ ಜೋಡಿಗೂ ಗೆಲ್ಲುವ ಆಸೆ ಇರಲಿಲ್ಲ. ವೆಂಬ್ಲಿ ಅರೆನಾದಲ್ಲಿ ದುಡ್ಡು ಕೊಟ್ಟು ಕೂತಿದ್ದ ಜನರ ಮುಂದೆ ವಿಶ್ವದ ದೊಡ್ಡ ಆಟಗಾರ್ತಿಯರು ಬೇಕಂತಲೇ ಸರ್ವನ್ನು ನೆಟ್‌ಗೆ ಹೊಡೆದರು. ಜನ ಕೂಗಿ ಛೀಮಾರಿ ಹಾಕಿದರು. ಮರುದಿನ, ಹೀಗೆ ಬೇಕಂತಲೇ ಸೋಲಲು ನೋಡಿದ ನಾಲ್ಕು ಜೋಡಿಗಳನ್ನು ಹೊರಗೆ ಹಾಕಲಾಯಿತು: ಚೀನಾದ್ದು ಒಂದು, ಕೊರಿಯಾದ್ದು ಎರಡು, ಇಂಡೋನೇಷ್ಯಾದ್ದು ಒಂದು.

ಇದರ ಬಿಸಿ ನಮಗೂ ತಟ್ಟಿತ್ತು. ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಎರಡು ಪಂದ್ಯ ಗೆದ್ದೂ ಪಾಯಿಂಟ್ ಲೆಕ್ಕದಲ್ಲಿ ಹಿಂದೆ ಬಿದ್ದು ಹೊರಬಂದರು. ಅದೇ ಗುಂಪಿನಲ್ಲಿ ಜಪಾನ್ ಜೋಡಿ ಚೈನೀಸ್ ತೈಪೆಗೆ ಸೋತ ರೀತಿಯ ಬಗ್ಗೆ ಭಾರತ ದೂರು ಕೊಟ್ಟಿತು. ದೂರನ್ನು ಒಪ್ಪಲಿಲ್ಲ. ಅಲ್ಲಿ ಸೋತ ಜಪಾನ್ ಜೋಡಿಯೇ ಕೊನೆಗೆ ಬೆಳ್ಳಿ ಗೆದ್ದಿತು. ನಮ್ಮವರಲ್ಲಿ ಆ ಚಿನ್ನದ ಬಗ್ಗೆ ಇನ್ನೂ ಹೊಟ್ಟೆಯುರಿ ಇದ್ದರೆ ನನಗೆ ಅರ್ಥವಾಗುತ್ತದೆ.

ಹಾಗಾದರೆ ಬೆಳಿಗ್ಗೆ ಝಾವೊ ಸೋತದ್ದೂ ನಾಟಕವಾ? ನಾನು ಹಾಗೆ ಹೇಳುವುದಿಲ್ಲ. ಎದುರಿದ್ದ ಕ್ರಿಸ್ಟಿನ್ನಾ ಪೆಡರ್ಸನ್ ಮತ್ತು ಕಮಿಲ್ಲಾ ರಿಟರ್ ಯೂಲ್ ಸಾಮಾನ್ಯದವರಲ್ಲ, ಮುಂದೆ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದವರು. ಇಂಥವರಿಗೆ ಒಂದು ಪಂದ್ಯ ಸೋಲುವುದು ಆಶ್ಚರ್ಯದ ಮಾತೇ ಅಲ್ಲ. ಆದರೆ ವಾಂಗ್ ಮತ್ತು ಯು ಹೊರಗೆ ಹೋದದ್ದರಿಂದ ಝಾವೊಗೆ ದಾರಿ ಸುಲಭವಾಯಿತು, ಇದು ನಿಜ. ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಇವರು ಅವರಿಗೇ ಸೋತಿದ್ದರು. ಮಹಿಳೆಯರ ಡಬಲ್ಸ್ ಚಿನ್ನದಲ್ಲಿ ಅದೃಷ್ಟದ ಪಾಲು ಇದೆ ಅಂದರೆ ನಾನು ಜಗಳ ಆಡುವುದಿಲ್ಲ.

ಆದರೆ ಜನ ಮರೆಯುವುದು ಇನ್ನೊಂದು ಚಿನ್ನವನ್ನು. ಆಗಸ್ಟ್ 3ರಂದು ಝಾಂಗ್ ನಾನ್ ಜೊತೆ ಆಡಿ ಮಿಕ್ಸೆಡ್ ಡಬಲ್ಸ್ (ಗಂಡು, ಹೆಣ್ಣು ಜೋಡಿಯಾಗಿ ಆಡುವುದು) ಫೈನಲ್ ಗೆದ್ದರು. ಮರುದಿನವೇ ತಿಯನ್ ಚಿಂಗ್ ಜೊತೆ ಮಹಿಳೆಯರ ಡಬಲ್ಸ್ ಫೈನಲ್. ಜಪಾನ್ ಜೋಡಿ ಎರಡನೇ ಗೇಮ್‌ನಲ್ಲಿ ಹಿಡಿದ ಪಟ್ಟು ಬಿಡಲಿಲ್ಲ. ಅದು 25-23ಕ್ಕೆ ಮುಗಿಯಿತು. ಬ್ಯಾಡ್ಮಿಂಟನ್‌ನಲ್ಲಿ ಒಂದೇ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಮೊದಲಿಗರು ಈ ಹುಬೆಯ್ ಪ್ರಾಂತ್ಯದ ಯಿಚಾಂಗ್ ಊರಿನ ಹುಡುಗಿ.

ಎರಡೂ ಡಬಲ್ಸ್ ತಾನೇ, ಏನು ಮಹಾ ಅನ್ನಬೇಡಿ. ಆಡಿದವರಿಗೆ ಗೊತ್ತು, ಇವು ಎರಡೂ ಬೇರೆ ಬೇರೆ ಆಟ. ಮಿಕ್ಸೆಡ್‌ನಲ್ಲಿ ಗಂಡಸು ಸರ್ವ್ ಮಾಡುವಾಗ ಹಿಂದೆ ನಿಲ್ಲುತ್ತಾನೆ, ಹೆಂಗಸು ಅವನಿಗಿಂತ ಮುಂದೆ, ನೆಟ್ ಹತ್ತಿರ. ಮೊಣಕಾಲು ಬಾಗಿಸಿ, ರ್ಯಾಕೆಟ್ ಮೇಲೆತ್ತಿ ಕಾಯಬೇಕು. ಎದುರಿನ ಗಂಡಸು ಬೀಸಿದ ಡ್ರೈವ್, ಅಂದರೆ ನೆಟ್ ಮೇಲೆ ನೇರವಾಗಿ ಬರುವ ವೇಗದ ಹೊಡೆತ, ಮುಖದ ಮುಂದೆಯೇ ಹಾದು ಹೋಗುತ್ತದೆ. ಅದನ್ನು ತಡೆಯಬೇಕಾ, ಹಿಂದಿನವನಿಗೆ ಬಿಡಬೇಕಾ, ಯೋಚಿಸುವುದಕ್ಕೆ ಸಮಯವೇ ಇಲ್ಲ. ತಪ್ಪಾಗಿ ಮುಟ್ಟಿದರೆ ಪಾಯಿಂಟ್ ಹೋಯಿತು. ಬಿಡಬಾರದ್ದನ್ನು ಬಿಟ್ಟರೂ ಹೋಯಿತು. ಝಾವೊ ಅವರ ಸೊಗಸೆಲ್ಲ ಇಲ್ಲೇ ಇತ್ತು. ಜೋರಾಗಿ ಹೊಡೆಯುವ ಗೋಜಿಗೇ ಹೋಗದೆ, ರ್ಯಾಕೆಟ್ ಮುಖವನ್ನು ಚೂರು ತಿರುಗಿಸಿ ಶಟಲನ್ನು ಖಾಲಿ ಜಾಗಕ್ಕೆ ತಳ್ಳಿಬಿಡುತ್ತಿದ್ದರು.

ಮಹಿಳೆಯರ ಡಬಲ್ಸ್‌ನಲ್ಲಿ ಈ ಅಭ್ಯಾಸವನ್ನೇ ಬದಿಗಿಡಬೇಕು. ಇಲ್ಲಿ ರ್ಯಾಲಿ ಉದ್ದ, ಒಂದು ಸ್ಮ್ಯಾಶ್‌ಗೆ ಪಾಯಿಂಟ್ ಬರುವುದು ಅಪರೂಪ. ದಾಳಿಗೆ ಒಬ್ಬರು ಮುಂದೆ ಒಬ್ಬರು ಹಿಂದೆ, ರಕ್ಷಣೆಗೆ ಇಬ್ಬರೂ ಅಕ್ಕಪಕ್ಕ, ಆಮೇಲೆ ಜಾಗ ಅದಲುಬದಲು. ಹಿಂದಿನಿಂದ ಹೊಡೆಯುವುದಕ್ಕೂ ಶಕ್ತಿ ಬೇಕು, ಕಾಯುವುದಕ್ಕೂ ತಾಳ್ಮೆ ಬೇಕು. ಬೆಳಿಗ್ಗೆ ಒಂದು ರೀತಿಯ ಕಾಲು, ಸಂಜೆ ಇನ್ನೊಂದು ರೀತಿಯ ಕಾಲು. ಎರಡು ದೋಣಿಯ ಮೇಲೆ ಕಾಲಿಟ್ಟವರು ನೀರಿಗೆ ಬೀಳುತ್ತಾರೆ ಅಂತಾರೆ. ಇವರು ಎರಡನ್ನೂ ದಡ ಮುಟ್ಟಿಸಿದರು. ಅದೂ ಒಂದು ಸಲ ಅಲ್ಲ. 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಜಕಾರ್ತಾ. ಎರಡೂ ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಮಿಕ್ಸೆಡ್, ಮಹಿಳೆಯರ ಡಬಲ್ಸ್ ಎರಡನ್ನೂ ಗೆದ್ದರು. ಫೈನಲ್‌ಗಳೆಲ್ಲ ಒಂದೇ ದಿನ, ನೆನಪಿರಲಿ. 2011ರ ಮಿಕ್ಸೆಡ್ ಸೇರಿಸಿದರೆ ಒಟ್ಟು ಐದು ವಿಶ್ವ ಪ್ರಶಸ್ತಿ.

ಆ 2011ರಲ್ಲೇ ಅಶ್ವಿನಿ ಮತ್ತು ಜ್ವಾಲಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ತಂದರು. ಸೆಮಿಫೈನಲ್‌ನಲ್ಲಿ ಅವರನ್ನು ತಡೆದದ್ದು ಇದೇ ಝಾವೊ ಮತ್ತು ತಿಯನ್. ನಮ್ಮ ಹುಡುಗಿಯರು ಎಂಥವರ ಎದುರು ನಿಂತಿದ್ದರು ಅನ್ನುವುದು ಈಗ ತಿರುಗಿ ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ರಿಯೋದಲ್ಲಿ ಝಾವೊ ಮಿಕ್ಸೆಡ್ ಮಾತ್ರ ಆಡಿದರು. ಸೆಮಿಫೈನಲ್‌ನಲ್ಲಿ ಇಂಡೋನೇಷ್ಯಾದ ತೊಂತೊವಿ ಅಹ್ಮದ್ ಮತ್ತು ಲಿಲಿಯಾನಾ ನಾತ್ಸಿರ್‌ಗೆ ಸೋತು ಕಂಚಿಗೆ ತೃಪ್ತಿಪಟ್ಟರು. ಅದೇ ವರ್ಷ ಆಟ ಬಿಟ್ಟರು.

ಇಷ್ಟು ಹೇಳಿದ ಮೇಲೂ "ಆದ್ರೂ ಲಂಡನ್‌ನಲ್ಲಿ..." ಅಂತ ಶುರು ಮಾಡುವವರಿಗೆ ನಾನು 2014ರ ಕೋಪನ್‌ಹೇಗನ್ ಫೈನಲ್ ನೋಡಿ ಅನ್ನುತ್ತೇನೆ. ಮಹಿಳೆಯರ ಡಬಲ್ಸ್, ಎದುರಿಗಿದ್ದದ್ದು ವಾಂಗ್ ಶಿಯಾವೊಲಿ ಮತ್ತು ಯು ಯಾಂಗ್. ಲಂಡನ್‌ನಲ್ಲಿ ಹೊರಗೆ ಹೋದ ಅದೇ ಜೋಡಿ. ಝಾವೊ ಮತ್ತು ತಿಯನ್ ಎರಡೇ ಗೇಮ್‌ನಲ್ಲಿ ಗೆದ್ದರು, 21-19, 21-15.