ಪ್ರೇಮಕಥೆಯಲ್ಲಿ ದೇವರಿಗೇನು ಕೆಲಸ ಎಂದು ಕೇಳುವವರಿಗೆ

“ಇಷ್ಟೆಲ್ಲ ಓದ್ಕೊಂಡಿದ್ದೀರಿ, ಇತಿಹಾಸ ಗೊತ್ತು, ಭಾಷೆ ಚೆನ್ನಾಗಿದೆ. ಮತ್ಯಾಕೆ ಈ ಲವ್ ಸ್ಟೋರಿ ಬರ್ಕೊಂಡು ಕೂತಿದ್ದೀರಿ? ಅದೂ ರಾಜರ ಕಾಲದ್ದು. ಸಾಲದ್ದಕ್ಕೆ ದೇವರು, ಭಕ್ತಿ, ಹರಕೆ ಬೇರೆ!”

ಇದೇ ಆ ಪ್ರಶ್ನೆ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಪುಸ್ತಕ ಕೊಂಡು ಸಹಿ ಹಾಕಿಸಿಕೊಳ್ಳುವವರೂ ಕೇಳುತ್ತಾರೆ. ಇಷ್ಟು ದಿನ “ಏನೋ, ಇಷ್ಟ” ಎಂದು ನಕ್ಕು ಮಾತು ತಿರುಗಿಸುತ್ತಿದ್ದೆ. ಇನ್ನು ನಗುವುದು ನನ್ನಿಂದಾಗದು. ಉತ್ತರ ಇಲ್ಲಿ ಬರೆದಿಡುತ್ತೇನೆ, ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲನೆಯದಾಗಿ, ಇಷ್ಟ ಎನ್ನುವುದೇ ಸಾಕಷ್ಟು ದೊಡ್ಡ ಕಾರಣ. ನಮ್ಮ ದೊಡ್ಡಮ್ಮ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡಿ ಇಡುತ್ತಿದ್ದಳು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅವನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು. ನಾಯಕ ನಾಯಕಿ ಎದುರುಬದುರಾಗುವ ಜಾಗ ಬಂದರೆ ಸಾಕು, ಮೆಟ್ಟುಗತ್ತಿಯ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಸುಲಿಯಲು ಬಂದ ಹೆಂಗಸರು ಕೈಯಲ್ಲಿ ಅಡಿಕೆ ಹಿಡಿದು ಹಾಗೇ ಕೂತಿರುತ್ತಿದ್ದರು. ಅವರಲ್ಲಿ ಯಾರನ್ನೂ ಬದುಕಿನಲ್ಲಿ ಒಮ್ಮೆಯೂ “ನಿನಗೆ ಯಾರು ಬೇಕು” ಎಂದು ಯಾರೂ ಕೇಳಿರಲಿಲ್ಲ. ಆ ಮೌನ ನೋಡಿದವಳಿಗೆ ಪ್ರೇಮಕಥೆಯನ್ನು ಹಗುರವಾಗಿ ಕಾಣುವುದು ಸಾಧ್ಯವಿಲ್ಲ.

ಆಮೇಲೆ ಬೆಂಗಳೂರಿನ ಫುಟ್‌ಪಾತಿನಲ್ಲಿ ಇಂಗ್ಲಿಷ್ ಕಾದಂಬರಿಗಳು ಸಿಕ್ಕವು. ಅಮೆರಿಕ, ಕೆನಡಾಗಳಲ್ಲಿ ಹಳೆಯ ಕಾಲ, ಪ್ರೀತಿ, ದೈವಭಕ್ತಿ ಮೂರೂ ಕೂಡಿದ ಕಾದಂಬರಿಗಳದ್ದೇ ಒಂದು ದೊಡ್ಡ ಪ್ರಕಾರವಿದೆ. ಬಹುಪಾಲು ಕ್ರೈಸ್ತ ಓದುಗರಿಗಾಗಿ ಬರೆದವು. 1979ರಲ್ಲಿ ಕೆನಡಾದ ಜ್ಯಾನೆಟ್ ಓಕ್ ಬರೆದ ಒಂದು ಕಾದಂಬರಿ ಆ ಪ್ರಕಾರಕ್ಕೆ ದಾರಿ ಮಾಡಿತು. ಹುಲ್ಲುಗಾವಲಿನ ಸೀಮೆಯಲ್ಲಿ ಗಂಡನನ್ನು ಕಳೆದುಕೊಂಡ ಬಸುರಿ, ಬೇರೆ ಗತಿಯಿಲ್ಲದೆ, ತಾಯಿಲ್ಲದ ಮಗುವಿರುವ ಒಬ್ಬನನ್ನು ಮದುವೆಯಾಗುತ್ತಾಳೆ. ಪ್ರೀತಿ ಬರುವುದು ಆಮೇಲೆ, ಬಹಳ ನಿಧಾನವಾಗಿ, ಒಲೆ ಹೊತ್ತಿಸುವುದು ಮಗುವಿಗೆ ಬಟ್ಟೆ ಹೊಲಿಯುವುದು ಇಂಥ ಕೆಲಸಗಳ ಮಧ್ಯೆ. ಅವರ ದೇವರು ಬೇರೆ, ಅವರ ಚಳಿ ಬೇರೆ. ಆದರೆ ನಮ್ಮ ಜಗಲಿಯ ಹೆಂಗಸರಿಗೆ ಅದನ್ನು ಓದಿ ಹೇಳಿದ್ದರೆ ಕತ್ತಿಯ ಸದ್ದು ಖಂಡಿತ ನಿಲ್ಲುತ್ತಿತ್ತು.

ಈಗ ನನಗೆ ಸಿಟ್ಟು ಬರಿಸಿದ ಸಂದರ್ಭ. ಒಂದು ಕಾಲೇಜಿನಲ್ಲಿ ಐತಿಹಾಸಿಕ ಕಾದಂಬರಿಗಳ ಬಗ್ಗೆ ಸಂವಾದ. ನನ್ನ ಪಕ್ಕದಲ್ಲಿ ಕೂತಿದ್ದವರು ಕೆಳದಿ ನಾಯಕರ ರಾಜಧಾನಿ ಬಿದನೂರಿನ ಪತನದ ಬಗ್ಗೆ ಬರೆದವರು. ಒಳ್ಳೆಯ ಕಾದಂಬರಿ, ನಾನೂ ಮೆಚ್ಚಿದ್ದೇನೆ. ಅವರನ್ನು ಹೈದರಾಲಿಯ ತಂತ್ರದ ಬಗ್ಗೆ, ಖಜಾನೆಯ ಬಗ್ಗೆ ಕೇಳಿದರು. ನನ್ನ ಸರದಿ ಬಂದಾಗ ನಿರೂಪಕರು ನಗುತ್ತ, “ಮೇಡಂ, ನಿಮ್ಮದೂ ಲವ್ ಮ್ಯಾರೇಜೇ?” ಎಂದರು. ಸಭೆ ನಕ್ಕಿತು. ಕೊನೆಗೆ ವಂದನಾರ್ಪಣೆಯಲ್ಲಿ, “ಮುಂದಿನ ಸಲ ಮೇಡಂ ಅವರಿಂದ ಒಂದು ಗಂಭೀರ ಕಾದಂಬರಿ ನಿರೀಕ್ಷಿಸೋಣ” ಎಂದು ಚಪ್ಪಾಳೆಯನ್ನೂ ಹಾಕಿಸಿದರು.

ನಾನು ಕೆಳದಿ, ಇಕ್ಕೇರಿಯ ನಾಯಕರ ಕಾಲದ ಕಥೆಗಳನ್ನು ಬರೆಯುತ್ತೇನೆ. ನನ್ನ ಕಥೆಯಲ್ಲಿ ರಾಜ ಪಲ್ಲಕ್ಕಿಯಲ್ಲಿ ಒಮ್ಮೆ ಹಾದುಹೋದರೆ ಹೆಚ್ಚು. ಕಾಳುಮೆಣಸಿನ ಮೂಟೆ ಹೊತ್ತ ಹೇರೆತ್ತುಗಳನ್ನು ಘಟ್ಟ ಇಳಿಸುವವರು, ಲೆಕ್ಕ ಬರೆಯುವವರು, ಗುಡಿಗೆ ಎಣ್ಣೆ ಕೊಡುವವರು, ಅವರ ಮನೆಯ ಹೆಣ್ಣುಮಕ್ಕಳು, ಇವರೇ ನನ್ನವರು. 1763ರಲ್ಲಿ ಬಿದನೂರು ಹೈದರನ ಕೈಸೇರಿದ್ದು ನಾಡಿಗೆ ದೊಡ್ಡ ಸಂಗತಿ, ಒಪ್ಪುತ್ತೇನೆ. ಆದರೆ ಒಬ್ಬ ಹೆಣ್ಣುಮಗಳು ಯಾರ ಮನೆಯ ಹೊಸಿಲು ದಾಟಿದಳು ಎನ್ನುವುದು ಅವಳ ಮೂವತ್ತು ನಲವತ್ತು ವರ್ಷಗಳ ಪ್ರತಿ ಬೆಳಗನ್ನೂ ನಿರ್ಧರಿಸುತ್ತಿತ್ತು. ಕೋಟೆ ಬಿದ್ದರೆ ಗಂಭೀರ, ಮದುವೆ ಮುರಿದರೆ ಟೈಮ್‌ಪಾಸ್ ಎಂದು ತೀರ್ಮಾನಿಸಿದವರು ಯಾರು?

ಇನ್ನು ಶ್ರಮದ ಮಾತು. ಯುದ್ಧದ ಕಾದಂಬರಿಗೆ ಅಧ್ಯಯನ ಬೇಕು, ಪ್ರೇಮಕ್ಕೆ ಕಲ್ಪನೆ ಸಾಕು ಎಂದು ತಿಳಿದಿದ್ದಾರೆ. ನನ್ನ ಕಥೆಯೊಂದರಲ್ಲಿ ಹುಡುಗಿ ಅಪ್ಪೆಹುಳಿ ಮಾಡುತ್ತಾಳೆ. ಒಗ್ಗರಣೆಗೆ ಒಣಮೆಣಸು ಮುರಿದು ಹಾಕಿಸಿದರೆ ನನ್ನ ಕಥೆ ಅಲ್ಲೇ ಸತ್ತಂತೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಈ ಕಡೆಗೆ ಬಂದದ್ದು. ಘಟ್ಟದ ಮೇಲಿನ ಬಡವರ ಒಲೆಯ ಮುಂದೆ ಅದನ್ನು ಅಷ್ಟು ಸಲೀಸಾಗಿ ತಂದಿಡಲು ನಾನು ಒಪ್ಪುವುದಿಲ್ಲ. ಕಾಳುಮೆಣಸು ಜಜ್ಜಿ ಹಾಕಬೇಕು. ಹಾಗೆ ಜಜ್ಜುವಾಗ ಬರುವ ಸೀನಿನಿಂದಲೇ ಜಗಲಿಯಲ್ಲಿ ಕೂತವನಿಗೆ ಒಳಗೆ ಅವಳಿದ್ದಾಳೆ ಎಂದು ತಿಳಿಯಬೇಕು.

ಪ್ರೇಮಪತ್ರವಂತೂ ಇನ್ನೂ ಕಷ್ಟ. ತಾಳೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಮೊನೆಯಲ್ಲಿ ಕೊರೆದದ್ದು ಅಳಿಸುವುದಿಲ್ಲ, ಸಿಕ್ಕಿಬಿದ್ದರೆ ಮುಗಿಯಿತು. ಹಾಗಾಗಿ ನಾನು ಕಡತವನ್ನು ಆರಿಸಿದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಹೊತ್ತಗೆ ಅದು. ಬಳಪದಲ್ಲಿ ಬರೆದರೆ ಬಿಳಿಯ ಅಕ್ಷರ ಮೂಡುತ್ತದೆ, ಒರೆಸಿದರೆ ಹೋಗುತ್ತದೆ. ಲೆಕ್ಕ ಬರೆಯುವ ಹುಡುಗ ಮೆಣಸಿನ ಮೂಟೆಗಳ ಲೆಕ್ಕದ ಕೆಳಗೆ ಒಂದು ಸಾಲು ಬರೆದು ಅವಳಪ್ಪನ ಮನೆಗೆ ಕಡತ ಕಳಿಸುತ್ತಾನೆ. ಅವಳು ಓದಿ, ಸೆರಗಿನ ತುದಿ ನೆನೆಸಿ ಒರೆಸುತ್ತಾಳೆ. ಸೆರಗಿಗೆ ಮಸಿ ಹತ್ತುತ್ತದೆ. ಸಂಜೆ ಅದೇ ಸೆರಗು ಹೊದ್ದು ದೀಪ ಹಚ್ಚಲು ಹೋದಾಗ ಅಜ್ಜಿಯ ಕಣ್ಣು ಆ ಮಸಿಯ ಮೇಲೆ ಬೀಳುತ್ತದೆ. ಈ ಒಂದು ಪುಟಕ್ಕಾಗಿ ನಾನು ಹಳೆಯ ಕಡತಗಳನ್ನು ನೋಡುತ್ತ ಕೂತ ಹೊತ್ತನ್ನು ಯಾವ ವೇದಿಕೆಯಲ್ಲೂ ಯಾರೂ ಕೇಳಿಲ್ಲ.

ಸರಿ, ದೇವರ ಮಾತಿಗೆ ಬರೋಣ. ಪ್ರೀತಿಯ ಪಕ್ಕದಲ್ಲಿ ಭಕ್ತಿಯನ್ನು ಇಟ್ಟದ್ದು ನನ್ನ ಹೊಸ ಆವಿಷ್ಕಾರ ಎನ್ನುವ ಹಾಗೆ ಮಾತಾಡುತ್ತಾರಲ್ಲ, ಅದು ನನಗೆ ಅರ್ಥವೇ ಆಗುವುದಿಲ್ಲ. ಕನ್ನಡದಲ್ಲಿ ಹುಟ್ಟಿ ಈ ಮಾತೇ? ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದೇ ಕರೆದಳು. ಶರಣಸತಿ, ಲಿಂಗಪತಿ ಎಂಬ ಭಾವ ನಮ್ಮ ಹಳ್ಳಿಯ ಭಜನೆಯವರಿಗೂ ಗೊತ್ತು. ನನ್ನ ಪ್ರಕಾರ ಕನ್ನಡದ ಅತ್ಯಂತ ದೊಡ್ಡ ದಾಂಪತ್ಯದ ಕಥೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ಬದುಕಿದವರು ಅವರು. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದಳು ಹೆಂಡತಿ. ಅವನು ಹೋದ. ಮನೆಯೊಳಗೆ ಇಬ್ಬರೇ ಇರುವಾಗ ಗಂಡನಿಗೆ ಹಾಗೆ ಹೇಳಬಲ್ಲ ಧೈರ್ಯ ಅವಳಿಗಿತ್ತು, ಹೇಳಿದ್ದನ್ನು ಕೇಳಿ ಅವಮಾನವೆನಿಸದೆ ಎದ್ದುಹೋಗುವ ದೊಡ್ಡತನ ಅವನಿಗಿತ್ತು. ಭಕ್ತಿಯನ್ನು ತೆಗೆದು ಆ ಪ್ರೀತಿಯನ್ನು ನನಗೆ ಬರೆದು ತೋರಿಸಿ ನೋಡೋಣ.

ಹಾಗೆಂದು ನನ್ನ ಕಾದಂಬರಿಗಳಲ್ಲಿ ದೇವರು ಪವಾಡ ಮಾಡುವುದಿಲ್ಲ. ಕಳೆದುಹೋದ ನಾಯಕನನ್ನು ತಂದುಕೊಡುವುದಿಲ್ಲ, ಖಳನಿಗೆ ಹಾವು ಕಚ್ಚಿಸುವುದಿಲ್ಲ. ಇದಕ್ಕೆ ದೊಡ್ಡಮ್ಮನದೇ ತಕರಾರು. “ಅಲ್ಲ ಕಣೇ, ಆ ಹುಡುಗಿ ಅಷ್ಟು ಬೇಡ್ಕೊಂಡ್ಲು. ಅಘೋರೇಶ್ವರ ಏನು ನಿದ್ದೆ ಮಾಡ್ತಿದ್ನಾ? ಒಂದು ಮಾತು ಹೇಳ್ಸಕ್ಕೆ ನಿಂಗೇನು ಖರ್ಚು?” ಎಂದು ಫೋನಿನಲ್ಲೇ ಜಗಳ ತೆಗೆದಳು. ನಾನು ಬಗ್ಗಲಿಲ್ಲ. ಬೇಡಿದ್ದು ಸಿಗದ ಮೇಲೂ ಒಬ್ಬಳು ಮರುದಿನ ದೀಪಕ್ಕೆ ಎಣ್ಣೆ ಹಾಕುತ್ತಾಳಲ್ಲ, ಅಲ್ಲಿಂದ ನನಗೆ ಕಥೆ ಶುರು. ದೊಡ್ಡಮ್ಮ ಒಪ್ಪಿಲ್ಲ, ಆದರೆ ಕೇಳಬೇಕಾದ ಕಡೆಗೇ ಬೆರಳಿಟ್ಟು ಕೇಳಿದ್ದಾಳೆ.

ಹೀಗೆ ಕೇಳುವುದಾದರೆ ಇನ್ನೂ ಒಂದು ಪ್ರಶ್ನೆಯಿದೆ. ಯಾರಾದರೂ ಅದನ್ನು ಕೇಳಲಿ ಎಂದು ನಾನು ಕಾಯುತ್ತಿದ್ದೇನೆ. ಹಳೆಯ ಕಾಲದ ನಂಬಿಕೆಯನ್ನು ಇಷ್ಟು ಪ್ರೀತಿಯಿಂದ ಬರೆಯುತ್ತೀಯಲ್ಲ, ಆ ನಂಬಿಕೆಯ ಹೆಸರಿನಲ್ಲೇ ನಡೆದ ಕ್ರೌರ್ಯವನ್ನು ಎಲ್ಲಿ ಇಡುತ್ತೀಯ?

ಈ ಪ್ರಶ್ನೆ ನಮಗಷ್ಟೇ ಅಲ್ಲ. 2021ರಲ್ಲಿ ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಭಕ್ತಿಪ್ರಧಾನವಾದ ಒಂದು ಐತಿಹಾಸಿಕ ಪ್ರೇಮಕಾದಂಬರಿಗೆ ಪ್ರಶಸ್ತಿ ಕೊಟ್ಟು, ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ಅದರ ನಾಯಕ 1890ರ ವೂಂಡೆಡ್ ನೀ ಹತ್ಯಾಕಾಂಡದಲ್ಲಿದ್ದ ಸೇನಾಧಿಕಾರಿ. ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಸೇನೆ ಕೊಂದ ಜಾಗ ಅದು. ನಾಯಕ ಪಶ್ಚಾತ್ತಾಪಪಟ್ಟು ದೇವರ ಕ್ಷಮೆ ಕೇಳಿ ಹೊಸ ಬದುಕು, ಹೊಸ ಪ್ರೀತಿ ಕಂಡುಕೊಳ್ಳುತ್ತಾನೆ. ಓದುಗರು ಸಿಟ್ಟಿಗೆದ್ದರು. ಎದ್ದದ್ದು ಸರಿ. ಸತ್ತವರ ಪರವಾಗಿ ದೇವರು ಕ್ಷಮಿಸಿದನೆಂದು ಬರೆಯುವ ಹಕ್ಕು ಕಾದಂಬರಿಕಾರರಿಗೆ ಸುಲಭವಾಗಿ ಸಿಗಬಾರದು.

ನನ್ನ ಪಾಲಿನ ವೂಂಡೆಡ್ ನೀ ಇಕ್ಕೇರಿಯಲ್ಲೇ ಇದೆ. 1623ರಲ್ಲಿ, ಹಿರಿಯ ವೆಂಕಟಪ್ಪ ನಾಯಕನ ಕಾಲದಲ್ಲಿ, ಗೋವಾದಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನ ಪ್ರವಾಸಿ ಇಕ್ಕೇರಿಗೆ ಬಂದ. ಅವನ ಪತ್ರಗಳು ನನ್ನಂಥವರಿಗೆ ನಿಧಿ. ದಾರಿಯಲ್ಲಿ ಗುಡಿಯ ಜಗಲಿಯ ಮೇಲೆ ಹುಡುಗರು ಮರಳು ಹರಡಿಕೊಂಡು, ರಾಗವಾಗಿ ಹೇಳುತ್ತ, ಬೆರಳಲ್ಲಿ ಬರೆಯುತ್ತ ಲೆಕ್ಕ ಕಲಿಯುವುದನ್ನು ಅವನು ನೋಡಿ ಬರೆದಿಟ್ಟಿದ್ದಾನೆ.

ಈ ಮನುಷ್ಯನದೇ ಒಂದು ಪ್ರೇಮಕಥೆ. ಬಾಗ್ದಾದಿನಲ್ಲಿ ಮಾನಿ ಎಂಬ ಪೂರ್ವದೇಶದ ಕ್ರೈಸ್ತ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಪರ್ಷಿಯಾದುದ್ದಕ್ಕೂ ಅವಳು ಅವನ ಜೊತೆ ತಿರುಗಿದಳು. 1621ರ ಕೊನೆಯಲ್ಲಿ, ಹೊರ್ಮುಜ್ ಹತ್ತಿರ, ಜ್ವರದಿಂದ ತೀರಿಕೊಂಡಳು. ಅವನು ಅವಳನ್ನು ಅಲ್ಲಿ ಮಣ್ಣು ಮಾಡಲಿಲ್ಲ. ಕರ್ಪೂರ ಹಾಕಿ ದೇಹ ಕೆಡದಂತೆ ಮಾಡಿ, ಪೆಟ್ಟಿಗೆಯಲ್ಲಿಟ್ಟು, ವರ್ಷಗಟ್ಟಲೆ ದೇಶದಿಂದ ದೇಶಕ್ಕೆ ತನ್ನೊಂದಿಗೆ ಸಾಗಿಸಿದ. ಭಾರತಕ್ಕೂ ತಂದ. ಕೊನೆಗೆ ರೋಮಿಗೆ ಕೊಂಡೊಯ್ದು ತನ್ನ ಮನೆತನದ ಸಮಾಧಿಯಲ್ಲಿ ಇರಿಸಿದ.

ಇಂಥವನು ಇಕ್ಕೇರಿಯ ಬೀದಿಯಲ್ಲಿ, ಸಹಗಮನಕ್ಕೆ ಹೊರಟು ಮೆರವಣಿಗೆಯಲ್ಲಿ ಸುತ್ತುತ್ತಿದ್ದ ಹೆಂಗಸೊಬ್ಬಳನ್ನು ಕಂಡ. ಅವನ ಬರವಣಿಗೆಯಲ್ಲಿ ನನಗೆ ಕೇಳಿಸುವ ಹೆಸರು ಜಕ್ಕಮ್ಮ. ತೆಲುಗಿನವಳು, ಸತ್ತ ಗಂಡ ವಾದ್ಯ ಬಾರಿಸುವವನು. ಅವಳ ಮನೆಗೇ ಹೋಗಿ ಮಾತಾಡಿಸಿದ. ಸಣ್ಣ ಮಕ್ಕಳಿದ್ದಾರಲ್ಲ, ಬೇಡ ಎಂದು ತಡೆಯಲು ನೋಡಿದ. ಅವಳು ನಗುನಗುತ್ತ ಉತ್ತರಿಸಿದಳು, ತನ್ನ ಇಷ್ಟದಿಂದಲೇ ಹೊರಟಿದ್ದೇನೆ ಎಂದಳು. ಹೆಂಡತಿಯ ದೇಹವನ್ನು ಬಿಟ್ಟುಕೊಡಲಾರದ ಗಂಡಸು, ಗಂಡನ ಹಿಂದೆ ಹೋಗಬೇಡ ಎಂದು ಇನ್ನೊಬ್ಬಳಿಗೆ ಹೇಳುತ್ತಿದ್ದಾನೆ. ನಾನು ಈ ಪುಟವನ್ನು ಓದಿದಾಗಲೆಲ್ಲ ಎದ್ದು ಓಡಾಡಿ ಬಂದು ಕೂರುತ್ತೇನೆ. ನಿನ್ನ ಹೆಸರು ಜಗತ್ತಿನಲ್ಲಿ ಉಳಿಯುವಂತೆ ಮಾಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟ, ನಡೆಸಿಕೊಟ್ಟ.

ಜಕ್ಕಮ್ಮನನ್ನು ನಾಯಕಿ ಮಾಡಿ ಎಂದು ಸಲಹೆ ಕೊಟ್ಟವರಿದ್ದಾರೆ. ಮಾಡುವುದಿಲ್ಲ. ಅವಳ ನಗುವನ್ನು ನಾನು ಸುಂದರವಾಗಿ ಬರೆಯಬಲ್ಲೆ, ಅದೇ ನನಗಿರುವ ಭಯ. ಆ ನಗುವಿನ ಹಿಂದೆ ಭಕ್ತಿ ಎಷ್ಟು, ಊರಿನ ಒತ್ತಡ ಎಷ್ಟು, ವಿಧವೆಯಾಗಿ ಬದುಕುವ ಹೆದರಿಕೆ ಎಷ್ಟು ಎಂದು ಅಳೆಯದೆ ಅದಕ್ಕೆ ಹೂ ಏರಿಸಿದರೆ ಇನ್ನೊಂದು ಮಾಸ್ತಿಕಲ್ಲು ನಿಲ್ಲಿಸಿದಂತೆ. ನಮ್ಮ ಸೀಮೆಯಲ್ಲಿ ಸಹಗಮನ ಮಾಡಿದವರ ನೆನಪಿಗೆ ಬಳೆ ತೊಟ್ಟ ಕೈ ಕೆತ್ತಿದ ಆ ಕಲ್ಲುಗಳು ಬೇಕಾದಷ್ಟಿವೆ.

ಅದೇ ಪುಟದಲ್ಲಿ ಇನ್ನಿಬ್ಬರಿದ್ದಾರೆ. ಜಕ್ಕಮ್ಮನ ಗಂಡನಿಗೆ ಬೇರೆ ಇಬ್ಬರು ಹೆಂಡತಿಯರು, ಅವರು ಚಿತೆ ಏರಲು ಒಪ್ಪಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಉಳಿದವರಲ್ಲಿ ಅವರೂ ಇದ್ದರು. ಪ್ರವಾಸಿ ಅವರ ಹೆಸರು ಬರೆದಿಡಲಿಲ್ಲ, ಅವರಿಗೆ ಕಲ್ಲೂ ನಿಲ್ಲಲಿಲ್ಲ. ನನ್ನ ಈಗಿನ ಕಾದಂಬರಿಯ ನಾಯಕಿ ಆ ಇಬ್ಬರಲ್ಲಿ ಒಬ್ಬಳು. ಅವಳ ಹೆಸರು, ಮಾತು, ಮುಂದಿನ ಬದುಕು ಎಲ್ಲವೂ ನನ್ನ ಕಲ್ಪನೆ. ನಮ್ಮ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳಿಗೆ ಉಡಿಕೆ ಮಾಡಿಸಿ ಮತ್ತೆ ಸಂಸಾರ ಕಟ್ಟಿಕೊಡುವ ಪದ್ಧತಿ ಇದ್ದದ್ದಂತೂ ನಿಜ, ನನಗೆ ಅಷ್ಟು ದಾರಿ ಸಾಕು. ಒಲ್ಲೆ ಎಂದವಳ ಭಕ್ತಿ ಹೋದವಳದ್ದಕ್ಕಿಂತ ಕಡಿಮೆಯದೇ ಎಂದು ಊರು ಅವಳನ್ನು ಕೇಳುತ್ತದೆ. ಅವಳೂ ತನ್ನ ದೇವರನ್ನು ಅದನ್ನೇ ಕೇಳುತ್ತಾಳೆ. ದೇವರು ಮಾತಾಡುವುದಿಲ್ಲ, ಮಕ್ಕಳಿಗೆ ಹಸಿವಾಗುತ್ತದೆ, ಅವಳು ಗಂಜಿಗೆ ನೀರಿಡುತ್ತಾಳೆ. ಹೇರೆತ್ತಿನವನೊಬ್ಬ ಘಟ್ಟ ಹತ್ತಿ ಬಂದಾಗಲೆಲ್ಲ ಆ ಮನೆಯ ಮುಂದೆ ಎತ್ತು ನಿಲ್ಲಿಸುತ್ತಾನೆ. ಉಡಿಕೆಯ ಮಾತು ಬಂದ ದಿನ ಅವಳು ಹಾಕುವ ಷರತ್ತು ಒಂದೇ: ಜಕ್ಕಮ್ಮನ ಮಕ್ಕಳು ತನ್ನ ಜೊತೆ ಬರಬೇಕು. ಒಪ್ಪದವನಾಗಿದ್ದರೆ ಅವನನ್ನು ನಾನು ನಾಯಕನೆಂದು ಬರೆಯುತ್ತಲೇ ಇರಲಿಲ್ಲ.