ಚಾರ್ಮಾಡಿಗೆ ಸೈಕಲ್‌ನಲ್ಲಿ: ಇಳಿಯುವುದಕ್ಕಿಂತ ಸೈಕಲ್ ವಾಪಸ್ ತರುವುದೇ ಕಷ್ಟ

ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ಇದನ್ನು ಬರೆಯಲು ಕೂತಿದ್ದೇ ಅದಕ್ಕಾಗಿ. ಕಳೆದ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಹೊರಟು ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಉಜಿರೆ ಮುಟ್ಟಿದೆ. ನಾಲ್ಕು ದಿನ ತುಳಿದರೂ ಒಂದು ಪಂಕ್ಚರ್ ಆಗಲಿಲ್ಲ. ಸೈಕಲ್ ಹಾಳಾಗಿದ್ದು ವಾಪಸ್ ಬರುವಾಗ, ನಾನು ಸ್ಲೀಪರ್ ಬಸ್ಸಿನಲ್ಲಿ ಮಲಗಿದ್ದಾಗ.

ಫೋನಿನಲ್ಲಿ ಕೇಳಿದಾಗ ಸೈಕಲ್‌ಗೆ 300 ರೂಪಾಯಿ ಅಂದಿದ್ದರು. ರಾತ್ರಿ ಬಸ್ ಬಂದು ನಿಂತ ಮೇಲೆ 900 ಅಂದರು. ಬೇಡ ಅನ್ನೋಣ ಅಂದರೆ ಮುಂದಿನ ಬಸ್ ಸಿಗುವ ಹೊತ್ತಲ್ಲ. ರಸೀದಿ ಕೇಳಿದೆ, ಕೊಡಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಡಿಕ್ಕಿಯಲ್ಲಿ ಸೈಕಲನ್ನು ಚೈನಿನ ಕಡೆ ಕೆಳಗೆ ಬರುವ ಹಾಗೆ ಮಲಗಿಸಿ, ಮೇಲೆ ಅಡಿಕೆ ಮೂಟೆ ಹೇರಿದ್ದಾರೆ. ನಾನು ನೋಡುವಷ್ಟರಲ್ಲಿ ಬಾಗಿಲು ಹಾಕಿ ಆಗಿತ್ತು.

ಬೆಳಗಿನ ಜಾವ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಇಳಿದೆ. ಕತ್ತಲಲ್ಲಿ ಮೇಲ್ನೋಟಕ್ಕೆ ಎಲ್ಲ ಸರಿ ಇತ್ತು. ಬ್ಯಾಗ್ ಹಾಕಿಕೊಂಡು ಹೊರಟೆ. ಸ್ವಲ್ಪ ಏರು ಬಂತು ಅಂತ ಗೇರ್ ಇಳಿಸಿದೆ ನೋಡಿ, ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಸೀದಾ ಚಕ್ರದ ಕಡ್ಡಿಗಳ ಒಳಗೆ ಹೋಯಿತು. ಮೂರು ಕಡ್ಡಿ ಕಟ್, ಡಿರೇಲರ್ ಎರಡು ತುಂಡು. ಆಗಿದ್ದು ಇಷ್ಟೇ: ಮೂಟೆಯ ಭಾರಕ್ಕೆ ಡಿರೇಲರ್ ನೇತಾಡುವ ಹ್ಯಾಂಗರ್ ಒಳಗೆ ಬಗ್ಗಿತ್ತು. ಹ್ಯಾಂಗರ್ ಬಗ್ಗಿದಾಗ ಬೇರೆ ಗೇರ್‌ಗಳಲ್ಲಿ ಗೊತ್ತೇ ಆಗದಿರಬಹುದು. ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಹೋದಾಗ ಮಾತ್ರ ಡಿರೇಲರ್ ಕಡ್ಡಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಹೇಳುವುದು, ಬಸ್ಸಿನಿಂದ ಇಳಿಸಿದ ಸೈಕಲನ್ನು ಹತ್ತುವ ಮುಂಚೆ ಹಿಂದೆ ನಿಂತು ನೋಡಿ. ಡಿರೇಲರ್‌ನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ನೆಟ್ಟಗೆ ಇರಬೇಕು. ವಾರೆ ಕಂಡರೆ ಗೇರ್ ಮುಟ್ಟಬೇಡಿ.

ಇನ್ನೂ ಒಳ್ಳೆಯದು, ಬಸ್ಸಿಗೆ ಹಾಕುವ ಮುಂಚೆಯೇ ಡಿರೇಲರ್ ಬಿಚ್ಚಿಬಿಡಿ. ಜಾಸ್ತಿ ಸೈಕಲ್‌ಗಳಲ್ಲಿ 5 ಎಂಎಂ ಅಲೆನ್ ಕೀ ಒಂದೇ ಸಾಕು, ಎರಡು ನಿಮಿಷದ ಕೆಲಸ. ಕೇಬಲ್ ಬಿಚ್ಚುವುದು ಬೇಡ, ಚೈನೂ ಬಿಚ್ಚುವುದು ಬೇಡ. ಹಳೆ ಬಟ್ಟೆಯಲ್ಲಿ ಸುತ್ತಿ ಫ್ರೇಮಿನ ಹಿಂದಿನ ತ್ರಿಕೋನದ ಒಳಗೆ ಟ್ಯೂಬ್ ರಬ್ಬರ್‌ನಿಂದ ಕಟ್ಟಿಬಿಡಿ. ಪೆಡಲ್‌ಗಳನ್ನೂ ಬಿಚ್ಚಿ. ಎಡಗಡೆ ಪೆಡಲ್‌ದು ಉಲ್ಟಾ ತಿರುಪು, ಅದು ನೆನಪಿರಲಿ. ಆಮೇಲೆ ನೀವೇ ಡಿಕ್ಕಿಗೆ ಬಗ್ಗಿ, ಚೈನಿನ ಕಡೆ ಮೇಲಕ್ಕೆ ಬರುವ ಹಾಗೆ ಇಡಿ, ಬಾಗಿಲು ಮುಚ್ಚುವವರೆಗೂ ಅಲ್ಲೇ ನಿಲ್ಲಿ. ಕ್ಲೀನರ್ ಬೈದರೂ ಪರವಾಗಿಲ್ಲ.

ಮುಂಚೆ ಈ ತೊಂದರೆ ಇರಲಿಲ್ಲ. ಕೆಂಪು ಬಸ್ಸಿನ ಹಿಂದೆ ಏಣಿ, ಮೇಲೆ ಕ್ಯಾರಿಯರ್ ಇರುತ್ತಿತ್ತು. ಸೈಕಲ್ ಮೇಲೆ ಹತ್ತಿಸಿ, ಹಗ್ಗದಲ್ಲಿ ನಾವೇ ಬಿಗಿದು, ಕಂಡಕ್ಟರ್‌ಗೆ ಲಗೇಜ್ ಟಿಕೆಟ್ ದುಡ್ಡು ಕೊಟ್ಟರೆ ಮುಗಿಯಿತು. 1988ರಲ್ಲಿ ನಾನೂ ನನ್ನ ಗೆಳೆಯನೂ ಪಿಯುಸಿ ಪರೀಕ್ಷೆ ಮುಗಿಸಿ ಹಾಸನದಿಂದ ಧರ್ಮಸ್ಥಳಕ್ಕೆ ಇದೇ ದಾರಿಯಲ್ಲಿ ಹೋಗಿ, ಹಾಗೇ ಬಸ್ಸಿನ ಮೇಲೆ ಸೈಕಲ್ ಕಟ್ಟಿಕೊಂಡು ವಾಪಸ್ ಬಂದಿದ್ದೆವು. ನನ್ನದು ಅಪ್ಪನ ಅಟ್ಲಾಸ್. ಚಿಕ್ಕವನಿದ್ದಾಗ ಬಾರ್ ಕೆಳಗೆ ಕಾಲು ತೂರಿಸಿ ತುಳಿದು ಕಲಿತ ಸೈಕಲ್ ಅದು. ಗೇರ್ ಇಲ್ಲ, ಬ್ರೇಕು ಕೇಬಲ್‌ದಲ್ಲ, ಕಂಬಿದು. ಘಾಟಿ ಮುಗಿಯುವ ಹೊತ್ತಿಗೆ ಮುಂದಿನ ಬ್ರೇಕ್ ರಬ್ಬರ್ ಸವೆದು ತಗಡು ಮಾತ್ರ ಉಳಿದಿತ್ತು. ಕೊನೆಯ ತಿರುವುಗಳನ್ನು ಇಬ್ಬರೂ ನಡೆದೇ ಇಳಿದೆವು. ಆ ದಿನ ಸಂಜೆ ನೇತ್ರಾವತಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ಆದ ಖುಷಿ, ಆಮೇಲೆ ಎಷ್ಟು ದೂರ ತುಳಿದರೂ ಅಷ್ಟು ಬಂದಿಲ್ಲ.

ಆ ಅಟ್ಲಾಸ್‌ನಿಂದ ಕಲಿತ ಪಾಠ ಇವತ್ತಿಗೂ ಬಿಟ್ಟಿಲ್ಲ. ಊರಿನ ಸೈಕಲ್ ಶಾಪಿನವನು ರಿಪೇರಿ ಮಾಡಬಲ್ಲ ಸೈಕಲನ್ನೇ ದೂರದ ದಾರಿಗೆ ತಗೊಂಡು ಹೋಗಬೇಕು. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಅನ್ನುವ ದೂರದ ಸೈಕಲ್ ಯಾತ್ರೆ ಶುರುವಾಯಿತಲ್ಲ, ಆ ಸುಮಾರಿಗೆ ಬೆಂಗಳೂರಿನಲ್ಲಿ ಗೇರ್ ಸೈಕಲ್‌ಗಳು ಜಾಸ್ತಿ ಕಾಣಿಸತೊಡಗಿದವು. ನಾನೂ ಒಂದು ಅಲ್ಯುಮಿನಿಯಂ ಫ್ರೇಮಿನ ಸೈಕಲ್ ತಗೊಂಡೆ. ಹಗುರ, ಚೆಂದ. ಎರಡು ವರ್ಷ ಓಡಿಸಿ ಕೊಟ್ಟುಬಿಟ್ಟೆ. ಆಮೇಲಿಂದ ಸ್ಟೀಲ್ ಫ್ರೇಮ್, 26 ಇಂಚಿನ ಚಕ್ರ, ಒಂದೊಂದಕ್ಕೂ 36 ಕಡ್ಡಿ. ಭಾರ ಇದೆ, ಹೌದು. ಆದರೆ ಈ ಸಲ ಬಗ್ಗಿದ ಹ್ಯಾಂಗರ್ ಫ್ರೇಮಿನ ಜೊತೆಗೇ ಇರುವ ಸ್ಟೀಲ್ ತುಂಡು. ನಮ್ಮ ಬೀದಿಯ ಶಾಪಿನವರು ದೊಡ್ಡ ಸ್ಕ್ರೂ ಸ್ಪ್ಯಾನರ್ ಹಾಕಿ ನಿಧಾನವಾಗಿ ಬಗ್ಗಿಸಿ ಸರಿ ಮಾಡಿಕೊಟ್ಟರು. ಅಲ್ಯುಮಿನಿಯಂ ಸೈಕಲ್‌ನ ಹ್ಯಾಂಗರ್ ಬಿಚ್ಚಿ ಬದಲಾಯಿಸುವಂಥದ್ದು, ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ. ಮೂಡಿಗೆರೆಯಲ್ಲಿ ಮುರಿದರೆ ಎಲ್ಲಿ ಹುಡುಕುತ್ತೀರಿ? ಅಂಥ ಸೈಕಲ್ ಇದ್ದವರು ಇನ್ನೊಂದು ಹ್ಯಾಂಗರ್ ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಲೇಬೇಕು. ಬೆರಳುದ್ದದ ತುಂಡು, ಭಾರವೇ ಇಲ್ಲ.

ಟೈರಿನದೂ ಇದೇ ಕಥೆ. ನಮ್ಮ ಹಳೆ ದೊಡ್ಡ ಸೈಕಲ್‌ಗಳದು 28 × 1½ ಟೈರು, ರಿಮ್ ಅಳತೆ 635 ಮಿ.ಮೀ. ಈಗಿನ 700ಸಿ ಚಕ್ರದ್ದು 622 ಮಿ.ಮೀ. ನೋಡಲು ಎರಡೂ ಒಂದೇ ಥರ, ಆದರೆ ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಊರಿನ ಶಾಪಿನಲ್ಲಿ ಮೊದಲನೆಯದು ನೇತಾಡುತ್ತಿರುತ್ತದೆ, ಎರಡನೆಯದು ಸಿಗುವುದಿಲ್ಲ. 26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರು ಸಾಮಾನ್ಯವಾಗಿ ಸಿಗುತ್ತದೆ, ಮಕ್ಕಳು ಓಡಿಸುತ್ತಾರಲ್ಲ. 700ಸಿ ಇದ್ದರೆ ಎರಡು ಟ್ಯೂಬು, ಮಡಚುವ ಟೈರು ಒಂದು ಇಟ್ಟುಕೊಳ್ಳಿ. ವಾಲ್ವ್ ಸಣ್ಣ ಮೂತಿಯ ಪ್ರೆಸ್ಟಾ ಆದರೆ, ಪೆಟ್ರೋಲ್ ಬಂಕಿನ ಗಾಳಿ ಹಿಡಿಸಲು ಬರುವ ಹಿತ್ತಾಳೆ ಅಡಾಪ್ಟರ್ ಕೂಡ ಜೊತೆಗಿರಲಿ.

ಬೆಂಗಳೂರಿನಿಂದ ಹಾಸನದವರೆಗಿನ ಸುಮಾರು 185 ಕಿಲೋಮೀಟರ್ ಬಗ್ಗೆ ನನಗೆ ಹೇಳುವುದೇನೂ ಇಲ್ಲ. ಅಗಲದ ಹೆದ್ದಾರಿ, ಲಾರಿ, ಬಿಸಿಲು. ರಜೆ ಕಮ್ಮಿ ಇದ್ದವರು ರೈಲಿನಲ್ಲಿ ಹಾಸನಕ್ಕೆ ಹೋಗಿ ಅಲ್ಲಿಂದ ತುಳಿಯಿರಿ. ಹಾಸನದಿಂದ ಹಗರೆ ದಾಟಿ ಬೇಲೂರು, ಅಲ್ಲಿಂದ ಕಾಫಿ ತೋಟ ಶುರು. ರಸ್ತೆ ಮೇಲೆ ಕೆಳಗೆ ಆಡುತ್ತಾ ಹೋಗುತ್ತದೆ. ಯಾವುದೂ ದೊಡ್ಡ ಏರಲ್ಲ, ಆದರೆ ಒಂದಾದ ಮೇಲೆ ಒಂದು. ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು ಇರುವ ಸೈಕಲ್ ಆದರೆ ಆರಾಮ. ನನ್ನದು ಮುಂದೆ 26, ಹಿಂದೆ 34 ಹಲ್ಲು. ಮಂಡಿ ಉಳಿದಿರುವುದೇ ಅದರಿಂದ.

ರೂಮಿನ ವಿಷಯದಲ್ಲಿ ಇನ್ನೊಂದು ಮೋಸ ಹೋದೆ. ಬೇಲೂರು ದಾಟಿದ ಮೇಲೆ ಒಂದು ಹೋಂಸ್ಟೇಯಲ್ಲಿ ಒಬ್ಬನೇ ಅಂದಿದ್ದಕ್ಕೆ ಇಬ್ಬರ ದರ ಹಾಕಿದರು. ಅದು ಶನಿವಾರ. ಊಟ ಸೇರಿ ಅಂದಿದ್ದು, ಬೆಳಿಗ್ಗೆ ಊಟದ್ದು ಬೇರೆ ಅಂದರು. ಒಟ್ಟು 3,200 ರೂಪಾಯಿ. ರಾತ್ರಿ ಹನ್ನೊಂದೂವರೆವರೆಗೆ ಪಕ್ಕದ ಗುಂಪಿನವರು ಸ್ಪೀಕರ್ ಹಾಕಿ ಕುಣಿದರು. ಬೆಳಿಗ್ಗೆ ಐದಕ್ಕೆ ಏಳಬೇಕಾದವರಿಗೆ ಇದೆಲ್ಲ ಆಗದು. ಶನಿವಾರ, ಭಾನುವಾರ ಈ ಕಡೆ ಬರಲೇಬೇಡಿ ಅನ್ನುತ್ತೇನೆ. ಜನ ಜಾಸ್ತಿ ಇದ್ದ ಕಡೆ ನನಗಂತೂ ಉಸಿರು ಕಟ್ಟುತ್ತದೆ. ಸೋಮವಾರ ಹಾಸನ ಬಿಡುವ ಹಾಗೆ ಲೆಕ್ಕ ಹಾಕಿ. ಬಸ್ ಸ್ಟ್ಯಾಂಡ್ ಹತ್ತಿರದ ಹಳೆ ಲಾಡ್ಜ್‌ಗಳೇ ಒಂಟಿಯಾಗಿ ಬರುವವರಿಗೆ ಮೇಲು. ಮರುದಿನ ಅಂಥದ್ದರಲ್ಲೇ ಉಳಿದೆ, 600 ರೂಪಾಯಿ, ಬಕೆಟ್ಟಿನಲ್ಲಿ ಬಿಸಿನೀರು, ಸೈಕಲನ್ನು ರೂಮಿನ ಒಳಗೇ ಇಟ್ಟುಕೊಳ್ಳಿ ಸಾರ್ ಅಂತ ಅವರೇ ಹೇಳಿದರು.

ಇನ್ನು ಕೊಟ್ಟಿಗೆಹಾರ. ಘಾಟಿ ಇಳಿಯುವ ಮುಂಚೆ ಸಿಗುವ ಪುಟ್ಟ ಊರು. ಇಲ್ಲಿನ ನೀರುದೋಸೆಗೆ ಹೆಸರಿದೆ, ಎಷ್ಟೋ ಜನ ಬರೆದಿದ್ದಾರೆ. ಆದರೂ ನಾನೂ ಬರೆಯುತ್ತೇನೆ, ಯಾಕೆಂದರೆ ನನ್ನ ಇಡೀ ಪ್ರವಾಸದ ನಡುಮಧ್ಯೆ ಇರುವುದೇ ಆ ತಟ್ಟೆ. ಬೆಳಿಗ್ಗೆ ಏಳೂವರೆಗೆ ಮಂಜಿನಲ್ಲಿ ನೆನೆದು, ಬೆರಳು ಮರಗಟ್ಟಿ, ಬ್ರೇಕ್ ಹಿಡಿದರೆ ಹಿಡಿದಿದ್ದು ಗೊತ್ತಾಗದ ಸ್ಥಿತಿಯಲ್ಲಿ ರಸ್ತೆ ಪಕ್ಕದ ಚಿಕ್ಕ ಹೋಟೆಲಿಗೆ ಹೋದೆ. ನಾಲ್ಕು ಬೆಂಚು, ಒಂದು ಕಾವಲಿ. ಕಾವಲಿ ಮುಂದೆ ಕೂತ ಅಮ್ಮ ನನ್ನ ಕೈ ನೋಡಿ, ಮೊದಲು ಒಲೆ ಹತ್ತಿರ ಬಂದು ಕಾಯಿಸಿಕೊಳ್ಳಿ ಅಂದರು. ದೋಸೆ ತೆಳ್ಳಗೆ, ಬಿಳಿ, ಮೈಯೆಲ್ಲ ತೂತು, ನಾಲ್ಕು ಮಡಿಕೆ ಮಾಡಿ ತಟ್ಟೆಗೆ ಹಾಕುತ್ತಾರೆ. ಕಾಯಿಚಟ್ನಿ ಒಂದು ಕಡೆ. ಇನ್ನೊಂದು ಕಡೆ ಕಾಯಿಬೆಲ್ಲ. ಸೈಕಲ್ ತುಳಿಯುವವರಿಗೆ ಆ ಕಾಯಿಬೆಲ್ಲಕ್ಕಿಂತ ಒಳ್ಳೆಯ ಆಹಾರ ಇಲ್ಲ, ಅಂಗಡಿಯಲ್ಲಿ 100 ರೂಪಾಯಿಗೆ ಸಿಗುವ ಯಾವ ಎನರ್ಜಿ ಬಾರೂ ಅದಕ್ಕೆ ಸಮ ಅಲ್ಲ. ಎಂಟು ದೋಸೆ ತಿಂದೆ. ಮಧ್ಯೆ ತಟ್ಟೆ ಖಾಲಿ ಆಗಲು ಬಿಡಲಿಲ್ಲ ಆ ಅಮ್ಮ. ಎರಡು ಲೋಟ ಕಾಫಿ ಸೇರಿ 110 ರೂಪಾಯಿ. ಹೊರಡುವಾಗ ಕೆಳಗೆ ಮಂಜು ಇದೆ, ಲೈಟ್ ಹಾಕಿಕೊಂಡೇ ಇಳಿಯಿರಿ ಅಂತ ಎರಡೆರಡು ಸಲ ಹೇಳಿದರು. ನಿಮಗೆ ಹಸಿವಿಲ್ಲದಿದ್ದರೂ ಇಲ್ಲಿ ನಿಲ್ಲಿ. ಅರ್ಧ ಗಂಟೆ ಕೂತರೆ ಮಂಜೂ ಸ್ವಲ್ಪ ಕರಗುತ್ತದೆ.

ಇಳಿಜಾರು ಇಪ್ಪತ್ತು ಕಿಲೋಮೀಟರ್‌ಗೂ ಜಾಸ್ತಿ. ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಇಳಿಯಬೇಡಿ. ರಿಮ್ ಬ್ರೇಕ್ ಆದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು, ಅದರಲ್ಲೂ ಬ್ಯಾಗ್ ಭಾರ ಇದ್ದರೆ. ನೇರ ದಾರಿಯಲ್ಲಿ ಬಿಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಬಿಡಿ. ರಿಮ್ ಒದ್ದೆ ಇದ್ದರೆ ಮೊದಲ ಒಂದೆರಡು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ನಾನು ನಾಲ್ಕು ಕಡೆ ನಿಂತು ಕೈ ಹಾಕಿ ರಿಮ್ ನೋಡಿದೆ. ಝರಿಗಳ ಹತ್ತಿರ ಕಾರು ಅಡ್ಡ ನಿಲ್ಲಿಸಿರುತ್ತಾರೆ, ತಿರುವಿನ ಆಚೆ ಏನಿದೆ ಅಂತ ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಹೋಗಬೇಡಿ. ಹಸಿರು ಚೆಂದ ಅನ್ನುವವರು ಹೇಳಲಿ ಬಿಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಎಷ್ಟೋ ಕಡೆ ಕುಸಿದು ರಸ್ತೆ ಬಂದ್ ಆಗಿತ್ತು. ನವೆಂಬರ್, ಡಿಸೆಂಬರ್ ಸರಿಯಾದ ಕಾಲ. ಶಿವರಾತ್ರಿಯ ಹಿಂದಿನ ವಾರ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಇದೇ ದಾರಿ ಹಿಡಿಯುತ್ತಾರೆ, ಆಗ ಸೈಕಲ್ ನಿಧಾನ ಓಡಿಸಬೇಕು. ನವೆಂಬರ್‌ನಲ್ಲೂ ಹುಲ್ಲಿನ ಮೇಲೆ ಕೂತರೆ ಇಂಬಳ ಹತ್ತಬಹುದು, ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವತ್ತು ಖಾಕಿ ಕ್ಯಾನ್ವಾಸ್ ಚೀಲ, ಹಳೆ ಟ್ಯೂಬ್ ಸೀಳಿ ಮಾಡಿದ ರಬ್ಬರ್ ಪಟ್ಟಿ. ಇವತ್ತು ಕ್ಯಾರಿಯರ್‌ನ ಎರಡೂ ಪಕ್ಕಕ್ಕೆ ತೂಗುವ ಪ್ಯಾನಿಯರ್ ಚೀಲ. ರಬ್ಬರ್ ಪಟ್ಟಿ ಮಾತ್ರ ಈಗಲೂ ನಾಲ್ಕು ಇರುತ್ತವೆ. ಒಡೆದ ಕ್ಯಾರಿಯರ್, ಕಿತ್ತ ಮಡ್‌ಗಾರ್ಡ್, ಬಿಚ್ಚಿದ ಡಿರೇಲರ್, ಯಾವುದಕ್ಕೂ ಆಗುತ್ತದೆ. ಚರ್ಮದ ಸೀಟು ಇರುವವರು ಮಂಜಿಗೆ ಪ್ಲಾಸ್ಟಿಕ್ ಕವರ್ ಹಾಕಿ. ಒಮ್ಮೆ ಚೆನ್ನಾಗಿ ನೆನೆದು ಅದರ ಮೇಲೆ ಕೂತರೆ ಚರ್ಮ ಜೋಲು ಬೀಳುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ವಾಪಸ್ ಬರಲು ಇನ್ನು ಮುಂದೆ ನಾನು ರೈಲೇ ಹಿಡಿಯುವುದು. ಹಿಂದೊಮ್ಮೆ ಮಂಗಳೂರಿನಿಂದ ಯಶವಂತಪುರಕ್ಕೆ ಹಾಗೇ ತಂದಿದ್ದೆ, ಈ ಸಲ ಸೋಮಾರಿತನದಿಂದ ಬಸ್ ಹತ್ತಿದ್ದು ತಪ್ಪಾಯಿತು. ಉಜಿರೆಯಿಂದ ಬೆಳ್ತಂಗಡಿ, ಬಂಟ್ವಾಳದ ಮೇಲೆ ಮಂಗಳೂರಿಗೆ ತುಳಿದುಕೊಂಡೇ ಹೋಗಬಹುದು. ಚಿಕ್ಕ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಸ್ವಲ್ಪ ಹೊತ್ತು, ಸೈಕಲ್ ಹತ್ತಿಸಲು ಒಪ್ಪದೇ ಇರಬಹುದು, ಅದಕ್ಕೇ ದೊಡ್ಡ ನಿಲ್ದಾಣಕ್ಕೇ ಹೋಗಿ. ರೈಲು ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಪಾರ್ಸೆಲ್ ಆಫೀಸಿನಲ್ಲಿರಿ. ನಿಮ್ಮ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿಸಿ, ಸುಮ್ನೆ ಪಾರ್ಸೆಲ್ ಅಂತ ಹಾಕಿದರೆ ಬೇರೆ ರೈಲಿನಲ್ಲಿ ಬಂದರೂ ಬರಬಹುದು. ಹೆಸರು, ಫೋನ್ ನಂಬರ್, ಇಳಿಯುವ ನಿಲ್ದಾಣ ಬರೆದ ರಟ್ಟನ್ನು ಎರಡು ಕಡೆ ಕಟ್ಟಿ, ಒಂದು ಹ್ಯಾಂಡಲ್‌ಗೆ, ಒಂದು ಸೀಟಿನ ಕೆಳಗೆ. ರಸೀದಿ ಕೈಯಲ್ಲಿರಲಿ. ಡಿರೇಲರ್ ಇಲ್ಲೂ ಬಿಚ್ಚಿಡಿ. ಲಗೇಜ್ ಬೋಗಿಗೆ ಏರಿಸುವಾಗ ಹಮಾಲಿ ಅಣ್ಣನ ಜೊತೆ ನೀವೂ ಒಂದು ಕೈ ಹಾಕಿ, ನಿಲ್ಲಿಸಿ ಕಟ್ಟಲು ಎರಡು ರಬ್ಬರ್ ಪಟ್ಟಿ ಕೊಡಿ. ನಾನು ಹಾಗೇ ಕೊಟ್ಟಿದ್ದೆ, ಯಶವಂತಪುರದಲ್ಲಿ ಬಾಗಿಲು ತೆಗೆದಾಗ ಸೈಕಲ್ ಕಟ್ಟಿದ ಜಾಗದಲ್ಲೇ ನಿಂತಿತ್ತು.